ಮ್ಯಾಟ್‌ಲ್ಯಾಬ್‌ನಲ್ಲಿ ಸಂಖ್ಯೆಯನ್ನು ಪಠ್ಯವಾಗಿಸುವುದು: ನನ್ನ ಅನುಭವ

ಯಂತ್ರಗಳ ಕಂಪನ ಅಳೆದ ಡೇಟಾದ ಜೊತೆ ನನ್ನ ಕೆಲಸ. ಲೆಕ್ಕವೆಲ್ಲ ಮ್ಯಾಟ್‌ಲ್ಯಾಬ್ (MATLAB) ಎಂಬ ಲೆಕ್ಕದ ತಂತ್ರಾಂಶದಲ್ಲೇ ನಡೆಯುತ್ತದೆ. ಲೆಕ್ಕ ಮುಗಿದ ಮೇಲೆ ಸಂಖ್ಯೆ ಎಲ್ಲಾದರೂ ಪಠ್ಯವಾಗಿ ಹೋಗಲೇಬೇಕು. ಗ್ರಾಫಿನ ತಲೆಬರಹಕ್ಕೆ, ಫೈಲಿನ ಹೆಸರಿಗೆ, ಸಿಎಸ್‌ವಿಗೆ (ಅಲ್ಪವಿರಾಮದಿಂದ ಬೇರ್ಪಡಿಸಿದ ಡೇಟಾ ಫೈಲಿಗೆ), ಕೊನೆಗೆ ವರದಿಗೆ. ಇದಕ್ಕೆ ಫಂಕ್ಷನ್‌ಗಳು ಬೇಕಾದಷ್ಟಿವೆ. ಯಾವುದನ್ನು ಬಳಸಲಿ ಎನ್ನುವ ಮೊದಲು ನಾನು ಒಂದನ್ನು ಕೇಳಿಕೊಳ್ಳುತ್ತೇನೆ: ಈ ಪಠ್ಯವನ್ನು ಓದುವುದು ಮನುಷ್ಯರಾ, ಇನ್ನೊಂದು ಪ್ರೋಗ್ರಾಮಾ?

ಮನುಷ್ಯರು ಓದುವುದಾದರೆ ಎಲ್ಲರ ಕೈ ಮೊದಲು ಹೋಗುವುದು ನಮ್2ಸ್ಟರ್ (num2str) ಎಂಬ ಫಂಕ್ಷನ್ ಕಡೆಗೆ. ಪೈ ಕೊಟ್ಟರೆ 3.1416 ಬರುತ್ತದೆ. 123456.789 ಕೊಟ್ಟರೆ ಹಾಗೇ ಪೂರ್ತಿ ಬರುತ್ತದೆ. ಅಂದರೆ ಎಷ್ಟು ಅಂಕಿ ಬರೆಯಬೇಕು ಅನ್ನುವುದನ್ನು ಸಂಖ್ಯೆಯ ಗಾತ್ರ ನೋಡಿ ಅದೇ ತೀರ್ಮಾನಿಸುತ್ತದೆ. ಸುಮ್ನೆ ಕಮಾಂಡ್ ವಿಂಡೋದಲ್ಲಿ ನೋಡಲು ಇಷ್ಟು ಸಾಕು. ಜಾಸ್ತಿ ಅಂಕಿ ಬೇಕಾದರೆ ಎರಡನೇ ಆರ್ಗ್ಯುಮೆಂಟ್ ಆಗಿ 8 ಕೊಡಿ, ಪೈ 3.1415927 ಆಗುತ್ತದೆ.

ಗ್ರಾಫಿಗೆ ಮಾತ್ರ ನಾನು, ಬರೆಯುವ ರೂಪವನ್ನು ನಾವೇ ಹೇಳುವ ಎಸ್‌ಪ್ರಿಂಟ್‌ಎಫ್ (sprintf) ಬಿಟ್ಟು ಬೇರೆ ಬಳಸುವುದಿಲ್ಲ. %.2ಎಫ್ (%.2f, ಅಂದರೆ ಚುಕ್ಕೆಯ ನಂತರ ಎರಡು ಅಂಕಿ) ಎಂದು ಬರೆದರೆ 2.5 ಕೂಡ 2.50 ಎಂದೇ ಬರುತ್ತದೆ. ಅಕ್ಕಪಕ್ಕದ ಗ್ರಾಫುಗಳಲ್ಲಿ ಒಂದು ಕಡೆ 2.5, ಇನ್ನೊಂದು ಕಡೆ 2.4837 ಇದ್ದರೆ ಎರಡನೆಯದನ್ನು ಹೆಚ್ಚು ನಿಖರವಾಗಿ ಅಳೆದಿದ್ದೇವೆ ಅಂತ ಓದುವವರು ಅಂದುಕೊಳ್ಳುತ್ತಾರೆ ಅಲ್ವಾ? ನಮ್ಮ ಸೆನ್ಸರ್ ಅಷ್ಟು ಸೂಕ್ಷ್ಮವಾಗಿ ಅಳೆಯುವುದೇ ಇಲ್ಲ. ಅಳೆಯದ ಅಂಕಿಯನ್ನು ತೋರಿಸುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಎಸ್‌ಪ್ರಿಂಟ್‌ಎಫ್ ಬಗ್ಗೆ ಎರಡು ವಿಷಯ ತಿಳಿದಿರಬೇಕು. %ಡಿ (%d) ಪೂರ್ಣಾಂಕಕ್ಕೆ ಮಾತ್ರ. ಅದಕ್ಕೆ 2.5 ಕೊಟ್ಟರೆ ಎರರ್ ಬರುವುದಿಲ್ಲ, 2.500000ಇ+00 (ಅಂದರೆ 2.5 ಗುಣಿಸು 10ರ ಘಾತ 0) ಎಂಬ ಪಠ್ಯ ಬರುತ್ತದೆ. ಇನ್ನು ಮ್ಯಾಟ್ರಿಕ್ಸ್ (ಸಂಖ್ಯೆಗಳ ಕೋಷ್ಟಕ) ಕೊಟ್ಟರೆ ಒಂದೊಂದೇ ಕಾಲಂ ಹಿಡಿದು ಬರೆಯುತ್ತದೆ, ಸಾಲು ಹಿಡಿದು ಅಲ್ಲ. ಸಾಲುಸಾಲಾಗಿ ಬೇಕಿದ್ದರೆ ಮೊದಲು ಟ್ರಾನ್ಸ್‌ಪೋಸ್ ಮಾಡಿ (ಸಾಲು, ಕಾಲಂ ಅದಲುಬದಲು ಮಾಡಿ) ಕೊಡುತ್ತೇನೆ.

ಪಠ್ಯದ ಜೊತೆ ಸಂಖ್ಯೆ ಜೋಡಿಸುವಾಗ ಕೋಟ್ ಯಾವುದು ಅನ್ನುವುದೂ ಮುಖ್ಯ. ಸಿಂಗಲ್ ಕೋಟ್‌ನ ಪಠ್ಯದ ಪಕ್ಕ ಚೌಕ ಬ್ರಾಕೆಟ್‌ನೊಳಗೆ 65 ಇಟ್ಟರೆ 65 ಬರುವುದಿಲ್ಲ, ಇಂಗ್ಲಿಷಿನ ದೊಡ್ಡ ಎ ಬರುತ್ತದೆ. 65 ಆ ಅಕ್ಷರದ ಸಂಕೇತ. 2017ರ ಮೊದಲ ಆವೃತ್ತಿಯಿಂದ ಡಬಲ್ ಕೋಟ್‌ನಲ್ಲಿ ಸ್ಟ್ರಿಂಗ್ ಬರೆಯಬಹುದು. ಅದಕ್ಕೆ + ಹಾಕಿ 65 ಕೂಡಿಸಿದರೆ 65 ಎಂದೇ ಬರುತ್ತದೆ. ಹೊಸ ಕೋಡ್‌ನಲ್ಲಿ ನಾನು ಇದನ್ನೇ ಬಳಸುತ್ತೇನೆ. ಆದರೆ ಇಲ್ಲೂ ಪೈ 3.1416ಕ್ಕೆ ನಿಲ್ಲುತ್ತದೆ.

ಫೈಲಿನ ಹೆಸರಿಗೆ %04ಡಿ, ಅಂದರೆ ನಾಲ್ಕು ಅಂಕಿ ಆಗುವಂತೆ ಮುಂದೆ ಸೊನ್ನೆ ತುಂಬುವುದು. 0001, 0002, 0010 ಎಂದು ಬಂದರೆ ಪಟ್ಟಿ ಸರಿಯಾದ ಕ್ರಮದಲ್ಲಿ ನಿಲ್ಲುತ್ತದೆ.

ಈಗ ಪ್ರೋಗ್ರಾಮ್ ಓದುವ ಪಠ್ಯ. ಇಲ್ಲಿ ಅಂದಕ್ಕೆ ಬೆಲೆಯಿಲ್ಲ. ಬರೆದ ಸಂಖ್ಯೆಯೇ ಒಂದು ಬಿಟ್ ಕೂಡ ಬದಲಾಗದೆ ವಾಪಸ್ ಬರಬೇಕು. ಮ್ಯಾಟ್‌ಲ್ಯಾಬ್ ಸಂಖ್ಯೆಯನ್ನು ಸಾಮಾನ್ಯವಾಗಿ ಇಡುವ ರೂಪವಾದ ಡಬಲ್ 64 ಬಿಟ್‌ನದು, ಅದರ ನಿಖರತೆ 53 ಬಿಟ್. ಅದನ್ನು ದಶಮಾಂಶದಲ್ಲಿ ಪೂರ್ತಿ ಹಿಡಿದಿಡಲು 17 ಅಂಕಿ ಸಾಕು, 15 ಎಲ್ಲಾ ಸಲ ಸಾಲುವುದಿಲ್ಲ. 0.1ಕ್ಕೆ 0.2 ಕೂಡಿಸಿ %.15ಜಿ (%.15g, ಅಂದರೆ 15 ಅಂಕಿವರೆಗೆ) ಎಂದು ಬರೆಸಿದರೆ 0.3 ಬರುತ್ತದೆ. %.17ಜಿ ಎಂದರೆ 0.30000000000000004. ಕಣ್ಣಿಗೆ ಎರಡನೆಯದು ಕೆಟ್ಟದಾಗಿ ಕಾಣುತ್ತದೆ, ಆದರೆ ಮೆಮೊರಿಯಲ್ಲಿರುವ ಸಂಖ್ಯೆಯನ್ನು ವಾಪಸ್ ಕೊಡುವುದು ಅದೇ. ಹಾಗಾಗಿ ಮುಂದಿನ ಲೆಕ್ಕಕ್ಕೆ ಹೋಗುವ ಯಾವ ಫೈಲಿಗೂ ನಾನು 17 ಅಂಕಿ ಬರೆಯುತ್ತೇನೆ. ಇಡೀ ಮ್ಯಾಟ್ರಿಕ್ಸ್‌ಗೆ ಮ್ಯಾಟ್2ಸ್ಟರ್ (mat2str) ಇದೆ. ಅದು ತಾನಾಗಿ ಬರೆಯುವುದು 15 ಅಂಕಿ, ಅದಕ್ಕೂ 17 ಎಂದು ಹೇಳಬೇಕು.

ಒಂದೊಂದು ಸಂಖ್ಯೆ ಬರೆದ ತಕ್ಷಣ, ಪಠ್ಯವನ್ನು ಸಂಖ್ಯೆಯಾಗಿಸುವ ಸ್ಟರ್2ಡಬಲ್‌ನಿಂದ (str2double) ವಾಪಸ್ ಓದಿ, ಮೂಲದ ಜೊತೆ ಸಮವಿದೆಯೇ ಅಂತ ಈಸ್‌ಈಕ್ವಲ್ (isequal) ಹಾಕಿ ನೋಡುತ್ತೇನೆ. ಸ್ಟರ್2ನಮ್ (str2num) ಬೇಡ. ಅದು ಪಠ್ಯವನ್ನು ಕೋಡ್ ಎಂದೇ ಓಡಿಸುತ್ತದೆ, ಬೇರೆಯವರು ಕೊಟ್ಟ ಫೈಲಿನಲ್ಲಿ ಏನಿದೆಯೋ ಯಾರಿಗೆ ಗೊತ್ತು.

ನನಗೆ ಜಾಸ್ತಿ ಖುಷಿ ಕೊಟ್ಟ ಕೆಲಸ ಕನ್ನಡ ವರದಿಯದು. 12345678 ಎನ್ನುವುದು ೧,೨೩,೪೫,೬೭೮ ಎಂದು ಬರಬೇಕಿತ್ತು. ಮೊದಲು %ಡಿಯಿಂದ ಪಠ್ಯ ಮಾಡಿದೆ. ಕೊನೆಯ ಮೂರು ಅಂಕಿಯನ್ನು ಬೇರೆ ಇಟ್ಟೆ. ಉಳಿದದ್ದನ್ನು ಬಲಗಡೆಯಿಂದ ಎರಡೆರಡಾಗಿ ಕತ್ತರಿಸಿ ಅಲ್ಪವಿರಾಮ ಹಾಕಿ ಜೋಡಿಸಿದೆ. ಆಮೇಲೆ ಅಂಕಿಗಳು. 0ಯ ಸಂಕೇತ 48, ೦ಯದು ಯೂನಿಕೋಡ್‌ನಲ್ಲಿ 3302. ಎರಡೂ ಕಡೆ ಹತ್ತು ಅಂಕಿಗಳು ಸಾಲಾಗಿ ಇವೆ. ಆದ್ದರಿಂದ 48ರಿಂದ 57ರೊಳಗಿನ ಪ್ರತಿ ಸಂಕೇತಕ್ಕೆ 3254 ಕೂಡಿಸಿದರೆ ಸಾಕು, ಅಲ್ಪವಿರಾಮ, ಚುಕ್ಕೆ, ಮೈನಸ್ ಗುರುತು ಹಾಗೇ ಉಳಿಯುತ್ತವೆ.

ಮ್ಯಾಟ್‌ಲ್ಯಾಬ್‌ನಂಥದೇ ಉಚಿತ ತಂತ್ರಾಂಶವಾದ ಆಕ್ಟೇವ್‌ನಲ್ಲಿ (Octave) ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಪಠ್ಯ ಯುಟಿಎಫ್-8 ಎಂಬ ಸಂಕೇತ ಪದ್ಧತಿಯ ಬೈಟ್‌ಗಳಾಗಿ ಇರುತ್ತದೆ, ಒಂದು ಕನ್ನಡ ಅಂಕಿಗೇ ಮೂರು ಬೈಟ್ ಬೇಕು. ಅದಕ್ಕೆ ೦ಯಿಂದ ೯ರವರೆಗೆ ಒಂದು ಸೆಲ್ ಅರೇಯಲ್ಲಿಟ್ಟು (ಪಠ್ಯದ ತುಣುಕುಗಳ ಪಟ್ಟಿಯಲ್ಲಿಟ್ಟು), ಪಠ್ಯ ಬದಲಿಸುವ ಸ್ಟರ್‌ರೆಪ್‌ನಿಂದ (strrep) ಒಂದೊಂದೇ ಅಂಕಿ ಬದಲಿಸುತ್ತೇನೆ. ಈ ದಾರಿ ಮ್ಯಾಟ್‌ಲ್ಯಾಬ್‌ನಲ್ಲೂ ನಡೆಯುವುದರಿಂದ ಈಗ ಎರಡೂ ಕಡೆ ಇದನ್ನೇ ಇಟ್ಟುಕೊಂಡಿದ್ದೇನೆ. ಸಂಖ್ಯೆಯ ಮೇಲಿನ ಲೆಕ್ಕ, ದುಂಡಾಗಿಸುವುದು, ಅಲ್ಪವಿರಾಮ ಎಲ್ಲ ಮುಗಿದ ಮೇಲಷ್ಟೇ ಈ ಫಂಕ್ಷನ್ ಕರೆಯುತ್ತೇನೆ. ಕನ್ನಡ ಅಂಕಿಗಳು ವರದಿಗೆ ಮಾತ್ರ ಹೋಗುತ್ತವೆ, ಸಿಎಸ್‌ವಿಗೆ ಅದೇ 17 ಅಂಕಿಯ ಪಠ್ಯ.