ಸರ್ಕಾರಿ ವಕೀಲಿಕೆಯಿಂದ ಕಂಪನಿಗೆ, ಮತ್ತೆ ವಾಪಸ್: ನನ್ನ ಅನುಭವ

ಹೈಕೋರ್ಟಿನಲ್ಲಿ ಸರ್ಕಾರಿ ವಕೀಲೆಯಾಗಿದ್ದೆ. ಆಮೇಲೆ ಒಂದು ಕಂಪನಿಯ ಕಾನೂನು ವಿಭಾಗ ಸೇರಿ ಅದರ ಮುಖ್ಯಸ್ಥೆಯಾದೆ. ಈಗ ಮತ್ತೆ ಸರ್ಕಾರದ ಪರ ವಾದ ಮಾಡುತ್ತಿದ್ದೇನೆ. ಇದೇ ದಾರಿ ಹಿಡಿಯಬೇಕೆನ್ನುವ ಕಿರಿಯರು ಸಂಬಳದ ಬಗ್ಗೆ ಕೇಳುತ್ತಾರೆ, ಇಲ್ಲವೇ ಪರಿಚಯಗಳ ಬಗ್ಗೆ. ಎರಡೂ ಕಡೆ ನನ್ನ ಕೈ ಹಿಡಿದದ್ದು ಕಡತ ಓದುವ ಅಭ್ಯಾಸ. ಒಂದು ತೀರ್ಮಾನ ಎಲ್ಲಿ ಹುಟ್ಟಿತು, ಯಾರ ಮೇಜಿನಲ್ಲಿ ನಿಂತಿತು, ಕಾರಣ ಬರೆದಿದ್ದಾರಾ ಇಲ್ಲವಾ ಅಂತ ನೋಡುವುದು.

ಇದನ್ನು ಕಲಿತದ್ದು ರಿಟ್ ಅರ್ಜಿಗಳಲ್ಲಿ, ಅಂದರೆ ಸರ್ಕಾರದ ಆದೇಶಗಳನ್ನು ಹೈಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿಗಳಲ್ಲಿ. ಅರ್ಜಿಯ ಪ್ರತಿ ಪ್ಯಾರಾಕ್ಕೂ ಇಲಾಖೆಯವರು ಉತ್ತರ ಕಳಿಸಬೇಕು. ಅದನ್ನು ಆಧರಿಸಿ ನಾವು ಆಕ್ಷೇಪಣೆ, ಅಂದರೆ ಕೋರ್ಟಿಗೆ ಸರ್ಕಾರದ ಲಿಖಿತ ಉತ್ತರ, ಸಿದ್ಧಪಡಿಸುತ್ತೇವೆ. ಇಲಾಖೆಯಲ್ಲಿ ಆ ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರು ತರುವ ಹಾಳೆಯಲ್ಲಿ ಎಷ್ಟೋ ಸಲ "ದಾಖಲೆಯ ವಿಷಯ", "ಅಲ್ಲಗಳೆಯಲಾಗಿದೆ" ಎಂಬ ಎರಡೇ ಮಾತು. ನಾನು ಅದನ್ನು ಬದಿಗಿಟ್ಟು ಮೂಲ ಕಡತ ಕೇಳುತ್ತಿದ್ದೆ. ದಾರ ಬಿಚ್ಚಿ ಟಿಪ್ಪಣಿ ಹಾಳೆಗಳನ್ನು ಮೊದಲಿಂದ ಓದಿದರೆ ಯಾರು ಯೋಚಿಸಿ ಬರೆದರು, ಯಾರು ಸುಮ್ನೆ ಸಹಿ ಹಾಕಿ ಮೇಲೆ ಕಳಿಸಿದರು, ಎಲ್ಲ ಗೊತ್ತಾಗುತ್ತದೆ.

ಒಮ್ಮೆ ಪರವಾನಗಿ ನಿರಾಕರಿಸಿದ ಆದೇಶವೊಂದರಲ್ಲಿ "ನಿಯಮಗಳಲ್ಲಿ ಅವಕಾಶವಿರುವುದಿಲ್ಲ" ಅಂತಷ್ಟೇ ಇತ್ತು. ಯಾವ ನಿಯಮ, ಯಾಕೆ, ಏನೂ ಇಲ್ಲ. ಟಿಪ್ಪಣಿಯಲ್ಲೂ ಇಲ್ಲ. "ಕಾರಣ ಇದೆ ಮೇಡಂ, ಆಕ್ಷೇಪಣೆಯಲ್ಲಿ ನೀವೇ ಚೆನ್ನಾಗಿ ಬರೆದುಬಿಡಿ" ಅಂದರು ಅಧಿಕಾರಿ. ಹಾಗೆ ಮಾಡಲು ಬರುವುದಿಲ್ಲ. ಆದೇಶ ತನ್ನೊಳಗಿನ ಕಾರಣದ ಮೇಲೇ ನಿಲ್ಲಬೇಕು, ಆಮೇಲೆ ಅಫಿಡವಿಟ್ ಹಾಕಿ ಹೊಸ ಕಾರಣ ತುಂಬುವಂತಿಲ್ಲ ಅಂತ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಆದೇಶ ಹಿಂಪಡೆದು, ಅರ್ಜಿದಾರರ ಮಾತು ಕೇಳಿ, ಕಾರಣ ಸಹಿತ ಹೊಸ ಆದೇಶ ಮಾಡಿ ಅಂದೆ. ಹಾಗೇ ಆಯಿತು.

ಕಂಪನಿ ಸೇರುವವರು ಮೊದಲು ಸನದಿನ, ಅಂದರೆ ವಕೀಲಿಕೆಯ ನೋಂದಣಿಯ, ವಿಷಯ ಮುಗಿಸಿಕೊಳ್ಳಿ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 49ನೇ ನಿಯಮದ ಪ್ರಕಾರ ಪೂರ್ಣಾವಧಿ ಸಂಬಳದ ನೌಕರರು ವಕೀಲಿಕೆ ಮಾಡುವಂತಿಲ್ಲ. ಕೆಲಸಕ್ಕೆ ಸೇರಿದ ವಿಷಯವನ್ನು ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಬೇಕು. ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಕಕ್ಷಿದಾರ ಮತ್ತು ವಕೀಲರ ಮಾತುಕತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 132 ಕೊಡುವ ಗೋಪ್ಯತೆಯ ರಕ್ಷಣೆ ಕಂಪನಿಯ ಸಂಬಳದಲ್ಲಿರುವ ಕಾನೂನು ಸಲಹೆಗಾರರಿಗೆ ಇಲ್ಲ ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವರಿಗೆ ಸಿಗುವುದು ಸೆಕ್ಷನ್ 134ರ ಸೀಮಿತ ರಕ್ಷಣೆ. ಹಾಗಾಗಿ ಸೂಕ್ಷ್ಮ ವಿಷಯಗಳಲ್ಲಿ ಹೊರಗಿನ ವಕೀಲರ ಅಭಿಪ್ರಾಯ ಪಡೆಯುವುದೇ ಸರಿ.

ಕಂಪನಿಯಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಸಹಿ ಹಾಕಬಹುದಾ?" ಉತ್ತರ ಮೊದಲ ಸಾಲಿನಲ್ಲೇ ಬೇಕು. ನಾನು ಹಾಗೇ ಬರೆಯಲು ರೂಢಿ ಮಾಡಿಕೊಂಡೆ. ಮೇಲೆ ಸಲಹೆ, ಅದರ ಕೆಳಗೆ ಹೆಚ್ಚೆಂದರೆ ಎಷ್ಟು ನಷ್ಟವಾಗಬಹುದು ಅನ್ನುವುದು, ಕೊನೆಗೆ ಕಾರಣ. ಜೊತೆಗೆ ಪ್ರತಿ ದೊಡ್ಡ ತೀರ್ಮಾನಕ್ಕೂ ಒಂದು ಪುಟದ ಟಿಪ್ಪಣಿ ಇರಬೇಕು ಅಂತ ಹಟ ಹಿಡಿದೆ. "ಇದೇನು, ನಮ್ಮ ಆಫೀಸನ್ನೂ ಸರ್ಕಾರಿ ಕಚೇರಿ ಮಾಡ್ತೀರಾ?" ಅಂತ ಗೊಣಗಿದವರಿದ್ದರು. ಆಮೇಲೆ ಒಂದು ಗುತ್ತಿಗೆಯ ಜಗಳ ಮಧ್ಯಸ್ಥಿಕೆಗೆ ಹೋಯಿತು. ಅಷ್ಟರಲ್ಲಿ ಗುತ್ತಿಗೆ ಮಾತಾಡಿದವರೆಲ್ಲ ಕೆಲಸ ಬಿಟ್ಟಿದ್ದರು. ಆಗ ನಮ್ಮ ವಕೀಲರಿಗೆ ಆಸರೆಯಾದದ್ದು ಆ ಒಂದು ಪುಟ.

ಆದರೆ ಕಂಪನಿಗಳು ಮಾಜಿ ಸರ್ಕಾರಿ ವಕೀಲರಿಂದ ಬಯಸುವುದು ಇನ್ನೊಂದಿದೆ. ಅದನ್ನು ಬಿಚ್ಚಿ ಹೇಳಲೇಬೇಕು. ಒಂದು ಅನುಮತಿ ಕಚೇರಿಯೊಂದರಲ್ಲಿ ಸಿಕ್ಕಿಕೊಂಡಿತ್ತು. ಮಾರಾಟ ವಿಭಾಗದ ಮುಖ್ಯಸ್ಥರು ಬಂದು, "ಮೇಡಂ, ನೀವು ಅಲ್ಲೇ ಇದ್ದವರು. ಒಂದು ಫೋನ್ ಮಾಡಿದ್ರೆ ಆಗಲ್ವಾ?" ಅಂದರು. ಮಾಡುವುದಿಲ್ಲ ಅಂದೆ. ಇವತ್ತು ಫೋನ್ ಮಾಡಿದರೆ ನಾಳೆ ಇನ್ನೇನೋ ಕೇಳುತ್ತಾರೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಲಂಚ ಕೊಡುವುದು ನೇರವಾಗಿ ಅಪರಾಧ, ಕಂಪನಿಯನ್ನೂ ಆರೋಪಿ ಮಾಡಬಹುದು. ಅವರನ್ನು ಕೂರಿಸಿಕೊಂಡು ಅರ್ಜಿ ತೆಗೆಸಿ ನೋಡಿದೆ. ಕಚೇರಿಯವರು ಕೇಳಿದ್ದ ಒಂದು ದಾಖಲೆಯನ್ನು ನಾವೇ ಕೊಟ್ಟಿರಲಿಲ್ಲ. ಆ ಸೇವೆ ಸಕಾಲದ, ಅಂದರೆ ಸರ್ಕಾರಿ ಸೇವೆಗಳನ್ನು ಗೊತ್ತಾದ ಅವಧಿಯಲ್ಲಿ ಕೊಡಬೇಕೆನ್ನುವ ರಾಜ್ಯದ ಕಾಯ್ದೆಯ, ಪಟ್ಟಿಯಲ್ಲಿತ್ತು. 2011ರ ಆ ಕಾಯ್ದೆಯಲ್ಲಿ ಪ್ರತಿ ಸೇವೆಗೂ ಗಡುವಿದೆ, ಮೀರಿದರೆ ಮೇಲ್ಮನವಿಗೆ ದಾರಿಯಿದೆ. ದಾಖಲೆ ಕೊಟ್ಟೆವು, ಸ್ವೀಕೃತಿ ಪಡೆದೆವು, ಗಡುವು ಮುಗಿದ ಮರುದಿನವೇ ಮೇಲ್ಮನವಿ ಹಾಕಿದೆವು. ಅನುಮತಿ ಬಂತು. ಸರ್ಕಾರದ ಅನುಭವವನ್ನು ನಾನು ಕಂಪನಿಗೆ ಮಾರಿದ್ದು ಇಷ್ಟೇ, ಮಾರಬೇಕಾದದ್ದೂ ಇಷ್ಟೇ ಅಂತ ಈಗಲೂ ನಂಬಿದ್ದೇನೆ.

ವಾಪಸ್ ಬರುವಾಗ ವಕೀಲಿಕೆ ಮುಂದುವರಿಸಲು ಪರಿಷತ್ತಿಗೆ ಅರ್ಜಿ ಹಾಕಿದೆ. ಒಬ್ಬರ ಪರ ಕೆಲಸ ಮಾಡಿದ ಪ್ರಕರಣದಲ್ಲಿ ಎದುರು ಪಕ್ಷದ ಪರ ನಿಲ್ಲಬಾರದು ಎಂಬ ನಿಯಮ ಇದೆಯಲ್ಲ, ಅದಕ್ಕಾಗಿ ಹಳೆಯ ಕಂಪನಿಯ ಪ್ರಕರಣಗಳ ಪಟ್ಟಿ ಮಾಡಿದೆ. ಅವನ್ನು ನನಗೆ ಹಂಚಬೇಡಿ ಅಂತ ರಾಜ್ಯ ಸರ್ಕಾರದ ಮುಖ್ಯ ವಕೀಲರಾದ ಅಡ್ವೊಕೇಟ್ ಜನರಲ್ ಅವರ ಕಚೇರಿಗೆ ಬರೆದುಕೊಟ್ಟೆ. ಬಾಯಿಮಾತಿಗೆ ಬಿಡಲಿಲ್ಲ.

ಕಂಪನಿಯಲ್ಲಿ ಕಲಿತದ್ದು ಈಗ ಹೆಚ್ಚು ಉಪಯೋಗಕ್ಕೆ ಬರುವುದು ಸರ್ಕಾರ ಸೋತ ಪ್ರಕರಣಗಳಲ್ಲಿ. ಕಡತ ಓಡಾಡಿತು ಅನ್ನುವುದು ವಿಳಂಬಕ್ಕೆ ನೆಪವಾಗದು ಅಂತ ಲಿವಿಂಗ್ ಮೀಡಿಯಾ ಪ್ರಕರಣದಲ್ಲಿ 2012ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿ ಸರ್ಕಾರದ ಮೇಲ್ಮನವಿ 427 ದಿನ ತಡವಾಗಿತ್ತು. ಹಾಗಾಗಿ ತೀರ್ಪಿನ ಪ್ರತಿ ಕೈಗೆ ಬಂದ ವಾರದಲ್ಲೇ ಅಭಿಪ್ರಾಯ ಕಳಿಸುತ್ತೇನೆ. ಮೇಲ್ಮನವಿ ಬೇಕೋ ಬೇಡವೋ ಮೊದಲ ಸಾಲಿನಲ್ಲಿ, ಕೊನೆಯ ದಿನಾಂಕ ಎರಡನೆಯದರಲ್ಲಿ. "ಬೇಡ" ಅಂತ ಬರೆಯಬೇಕಾದಾಗ ಕಾರಣಗಳನ್ನು ಇನ್ನಷ್ಟು ಬಿಡಿಸಿ ಬರೆಯುತ್ತೇನೆ. ಮೇಲ್ಮನವಿ ಯಾಕೆ ಹಾಕಲಿಲ್ಲ ಅಂತ ನಾಳೆ ಪ್ರಶ್ನೆ ಬಂದರೆ ಉತ್ತರ ಕೊಡಬೇಕಾದವರು ಆ ಕಡತಕ್ಕೆ ಸಹಿ ಹಾಕಿದ ಅಧಿಕಾರಿ. ಅವರ ಕೈಯಲ್ಲಿ ನನ್ನ ಬರವಣಿಗೆ ಇರಬೇಕು.