ರಟ್ಟಿನ ಬಾಣ, ಮೇಲೊಂದು ಕಲ್ಲು

ಬಾಸ್ಕೆಟ್‌ಬಾಲ್‌ನಲ್ಲಿ ಮುಂದಿನ ಸರದಿ ಚೆಂಡು ಯಾವ ತಂಡಕ್ಕೆಂದು, ಆ ತಂಡ ಚೆಂಡು ಹಾಕುವ ಬುಟ್ಟಿಯ ಕಡೆ ತೋರಿಸಲು ಸ್ಕೋರರ್ ಟೇಬಲ್ ಮೇಲೊಂದು ಬಾಣ ಇರುತ್ತದೆ. ಟೂರ್ನಿಗಳಲ್ಲಿ ಸ್ಕೋರ್ ಬರೆಯುವ ಟೇಬಲ್ ಡ್ಯೂಟಿಗೆ ಕೂತ ಮೊದಲ ವರ್ಷ ನಮಗೆ ಲೈಟಿನ ಬಾಣ ಎಲ್ಲಿತ್ತು! ನೋಟ್‌ಬುಕ್ಕಿನ ರಟ್ಟು ಕತ್ತರಿಸಿ, ಕೆಂಪು ಬಣ್ಣ ಹಚ್ಚಿ, ಥರ್ಮೋಕೋಲ್ ತುಂಡಿಗೆ ಗುಂಡುಪಿನ್ನಿನಿಂದ ಚುಚ್ಚಿದ್ದೆ. ಗಾಳಿಗೆ ತಾನೇ ತಿರುಗುತ್ತಿತ್ತು ಅಂತ ಮೇಲೊಂದು ಕಲ್ಲು.

ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಲ್ಲಿ ರೆಫರಿ ಚೆಂಡನ್ನು ಮೇಲಕ್ಕೆಸೆಯುವುದು ಆಟದ ಆರಂಭದಲ್ಲಿ ಒಮ್ಮೆ ಮಾತ್ರ. ಆ ಜಂಪ್‌ನಲ್ಲಿ ಚೆಂಡು ದಕ್ಕದ ತಂಡಕ್ಕೆ ಮೊದಲ ಬಾಣ. ಆಮೇಲೆ ಇಬ್ಬರು ಚೆಂಡು ಹಿಡಿದು ಜಗ್ಗಾಡಿದರೆ ರೆಫರಿ ಎರಡೂ ಹೆಬ್ಬೆರಳೆತ್ತಿ ನಮ್ಮ ಟೇಬಲ್ ಕಡೆ ನೋಡುತ್ತಾರೆ. ಬಾಣ ಯಾರದೋ ಥ್ರೋ-ಇನ್, ಅಂದರೆ ಗೆರೆಯಾಚೆಯಿಂದ ಚೆಂಡು ಒಳಗೆಸೆಯುವ ಹಕ್ಕು, ಅವರದು. ಆ ಥ್ರೋ-ಇನ್ ಮುಗಿದ ಮೇಲೆ ಬಾಣ ಎದುರು ತಂಡಕ್ಕೆ. ಅಮೆರಿಕದ ಎನ್‌ಬಿಎ ಲೀಗ್ ನೋಡಿ ಬಂದ ಹುಡುಗರು 'ಜಂಪ್ ಹಾಕ್ಸಿ ಸರ್' ಅಂತ ಗಲಾಟೆ ಮಾಡುವುದುಂಟು. ಅಲ್ಲಿ ಈಗಲೂ ಹಾಗೇ, ಇಲ್ಲಿ ಅಲ್ಲ.

ನಾನು ಎಡವಿದ್ದು ಎರಡನೇ ಕ್ವಾರ್ಟರ್ ಶುರುವಿನಲ್ಲಿ. ಬಾಣ ಬಿಳಿ ತಂಡದ್ದು, ಹಾಗಾಗಿ ಥ್ರೋ-ಇನ್ ಕೂಡ. ಟೇಬಲ್ ಎದುರಿನ ಸೈಡ್‌ಲೈನ್‌ನಲ್ಲಿ, ಮಧ್ಯದ ಗೆರೆಯ ನೇರಕ್ಕೆ, ರೆಫರಿ ಅವರ ಹುಡುಗನ ಕೈಗೆ ಚೆಂಡು ಕೊಟ್ಟದ್ದೇ ತಡ, ನಾನು ಕಲ್ಲೆತ್ತಿ ಬಾಣ ತಿರುಗಿಸಿಬಿಟ್ಟೆ. ಅವನು ಎಸೆಯುವ ಮೊದಲೇ ನೀಲಿಯವನೊಬ್ಬ ಬಿಳಿಯವನ ತೋಳು ಹಿಡಿದೆಳೆದ. ಫೌಲ್ ಬರೆಯುವ ಗಡಿಬಿಡಿಯಲ್ಲಿ ಬಾಣದ ನೆನಪೇ ಹಾರಿತು.

ಸ್ವಲ್ಪ ಹೊತ್ತಿಗೆ ಹೆಲ್ಡ್ ಬಾಲ್, ಅದೇ ಇಬ್ಬರ ಜಗ್ಗಾಟ. ಬಾಣ ನೀಲಿಗೆ. ಬಿಳಿ ತಂಡದ ಕೋಚ್ ನೇರ ಟೇಬಲ್‌ಗೆ ಬಂದರು: 'ಸರ್, ನಮ್ ಬಾಣ ನೀವೇ ತಿಂದ್ರಾ?'

ಅವರು ಹೇಳಿದ್ದು ಸರಿ. ಎಸೆದ ಚೆಂಡು ಅಂಗಳದೊಳಗಿನ ಆಟಗಾರನೊಬ್ಬನಿಗೆ ತಾಗಿದರೆ, ಇಲ್ಲವೇ ಎಸೆಯುವ ತಂಡವೇ ವಯೊಲೇಷನ್ (ಫೌಲ್ ಅಲ್ಲದ ನಿಯಮಭಂಗ) ಮಾಡಿದರೆ ಬಾಣ ತಿರುಗಬೇಕು. ನಡುವೆ ಯಾರೇ ಫೌಲ್ ಮಾಡಲಿ, ಬಾಣದ ಹಕ್ಕು ಹೋಗುವುದಿಲ್ಲ. ಫೌಲಿನಿಂದ ಸಿಕ್ಕ ಥ್ರೋ-ಇನ್ ಬೇರೆ, ಬಾಣ ಬೇರೆ. ಆದರೆ ತೋರಿಸಲು ನನ್ನ ಬಳಿ ಏನಿತ್ತು? ಸ್ಕೋರ್ ಶೀಟಿನಲ್ಲಿ ಬಾಣಕ್ಕೊಂದು ಕಾಲಂ ಇಲ್ಲ. ಪುಣ್ಯಕ್ಕೆ ರೆಫರಿಯ ಜೊತೆಗಿದ್ದ ಅಂಪೈರ್‌ಗೆ ನೆನಪಿತ್ತು. ಚೆಂಡು ಬಿಳಿಯವರಿಗೇ ಹೋಯಿತು. ಕಿವಿ ಬಿಸಿಯಾಗಿತ್ತು ನನಗೆ.

ಅಂದಿನಿಂದ ಪಕ್ಕದಲ್ಲೊಂದು ಚೀಟಿ. ಪ್ರತಿ ಸಲ ತಿರುಗಿಸಿದಾಗ ಕ್ವಾರ್ಟರ್, ಗಡಿಯಾರದ ಸಮಯ, ತಂಡದ ಬಣ್ಣ ಗೀಚುತ್ತೇನೆ. ಚೆಂಡು ಒಳಗೆ ಯಾರಿಗಾದರೂ ತಾಗುವವರೆಗೆ ಕೈ ಮಡಿಲಲ್ಲಿ.

ಹಾಫ್‌ಟೈಮ್ ಇನ್ನೊಂದು ಪೀಡೆ. ತಂಡಗಳು ಬುಟ್ಟಿ ಬದಲಿಸುವುದರಿಂದ ಹಕ್ಕು ಅದೇ ಇದ್ದರೂ ಬಾಣ ತಿರುಗಿಸಲೇಬೇಕು. ಒಮ್ಮೆ ನಾನು ತಿರುಗಿಸಿ ನೀರು ಕುಡಿಯಲು ಹೋದೆ, ಅಸಿಸ್ಟೆಂಟ್ ಬಂದು 'ಅಯ್ಯೋ ಮರೆತಿದ್ದಾರೆ' ಅಂತ ಮತ್ತೆ ತಿರುಗಿಸಿದ! ಈಗ ತಿರುಗಿಸುವುದು ನಾನೊಬ್ಬನೇ. ಟೈಮರ್ ಜೋರಾಗಿ ತಂಡದ ಬಣ್ಣ ಹೇಳುತ್ತಾನೆ, ರೆಫರಿ ತಲೆಯಾಡಿಸಿದ ಮೇಲೆಯೇ ಕಲ್ಲು.