ಹತ್ತು ಗಂಟೆಯಿಂದ ಹಿಂದಕ್ಕೆ ಹಾಕುವ ಲೆಕ್ಕ

ನಾನು ಬೆಂಗಳೂರಿನಲ್ಲಿ ಡಿಜೆಯಾಗಿಯೂ ಲೈವ್ ಸಂಗೀತ ಕಾರ್ಯಕ್ರಮಗಳ ಆಯೋಜಕನಾಗಿಯೂ ದುಡಿಯುತ್ತಿದ್ದೇನೆ. ಈ ಊರಿನಲ್ಲಿ ಕಾರ್ಯಕ್ರಮದ ವೇಳಾಪಟ್ಟಿಯನ್ನು ರಾತ್ರಿ ಹತ್ತು ಗಂಟೆಯಿಂದ ಹಿಂದಕ್ಕೆ ಬರೆದುಕೊಂಡು ಬರಬೇಕು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45. ಇಂದಿರಾನಗರ, ಕೋರಮಂಗಲದಂಥ ಕಡೆ ಸಂಗೀತದ ಜಾಗಕ್ಕೂ ಮನೆಗಳಿಗೂ ನಡುವೆ ಒಂದು ಕಾಂಪೌಂಡ್ ಗೋಡೆಯಷ್ಟೇ ಇರುವುದರಿಂದ, ಮುಚ್ಚಿದ ಹಾಲ್‌ನಲ್ಲಿಯೂ ನಾನು ಒಂಬತ್ತರ ನಂತರ ಸಬ್‌ವೂಫರ್‌ನ, ಅಂದರೆ ಬೇಸ್ ಎಂಬ ತಗ್ಗು ಸ್ವರಗಳನ್ನು ನುಡಿಸುವ ಸ್ಪೀಕರ್‌ನ, ಸದ್ದು ಇಳಿಸುತ್ತೇನೆ. ಗೋಡೆ ದಾಟಿ ಪಕ್ಕದ ಮನೆಯ ಮಂಚದವರೆಗೂ ಹೋಗುವುದು ಬೇಸ್‌ನ ಸದ್ದೇ ಹೊರತು ಹಾಡುಗಾರರ ಕಂಠವಲ್ಲ.

ಪರವಾನಗಿಯ ಕೆಲಸ ಎಲ್ಲಕ್ಕಿಂತ ಮೊದಲು ಮುಗಿಯಬೇಕು. ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪೊಲೀಸ್ ಪರವಾನಗಿ ಕಡ್ಡಾಯ ಮಾಡುವ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿದ ಮೇಲೆ ನಗರದ ಹಲವು ಬಾರ್, ರೆಸ್ಟೋರೆಂಟ್‌ಗಳಲ್ಲಿ ಲೈವ್ ಸಂಗೀತ ನಿಂತುಹೋಯಿತು. ಅಂದಿನಿಂದ ನಾನು ಜಾಗದವರ ಪೊಲೀಸ್ ಪರವಾನಗಿಯನ್ನು ಕಣ್ಣಾರೆ ನೋಡದೆ ಮುಂಗಡ ಕೊಡುವುದಿಲ್ಲ. ಹಾಡಿನ ಹಕ್ಕುಗಳ ವಿಷಯವೂ ಇದರ ಜೊತೆಗೇ ಬರುತ್ತದೆ: ತಂಡವೊಂದು ಸಿನಿಮಾ ಗೀತೆ ಹಾಡಿದರೆ ಸಾಹಿತ್ಯ ಮತ್ತು ಸ್ವರ ಸಂಯೋಜನೆಯ ಹಕ್ಕಿಗಾಗಿ ಗೀತರಚನಕಾರರು ಮತ್ತು ಸಂಗೀತ ಸಂಯೋಜಕರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್‌ ಸಂಸ್ಥೆಯ ಪರವಾನಗಿ ಬೇಕು, ಅದೇ ಗೀತೆಯ ಧ್ವನಿಮುದ್ರಣವನ್ನು ನಾನು ಡಿಜೆಯಾಗಿ ನುಡಿಸಿದರೆ ಆ ಮುದ್ರಣದ ಹಕ್ಕುದಾರರ ಅನುಮತಿಯೂ ಬೇಕಾಗುತ್ತದೆ.

ಸಂಜೆಯ ಯಶಸ್ಸು ಮಧ್ಯಾಹ್ನದ ಸೌಂಡ್ ಚೆಕ್‌ನಲ್ಲಿ, ಅಂದರೆ ಮೈಕು, ವಾದ್ಯಗಳ ಸದ್ದು ಪರೀಕ್ಷಿಸಿ ಹೊಂದಿಸುವುದರಲ್ಲಿ, ಇದೆ ಎಂದು ನಾನು ನಂಬಿದ್ದೇನೆ. ಕೊನೆಯಲ್ಲಿ ನುಡಿಸುವ ತಂಡದ ಸೌಂಡ್ ಚೆಕ್ ಮೊದಲು ಮಾಡಿಸುತ್ತೇನೆ, ಮೊದಲು ನುಡಿಸುವವರದು ಕೊನೆಗೆ. ಆಗ ಆರಂಭದ ತಂಡದ ಮೈಕು, ಕೇಬಲ್ಲುಗಳು ವೇದಿಕೆಯ ಮೇಲೆ ಇದ್ದಲ್ಲೇ ಇರುತ್ತವೆ. ಸಣ್ಣ ಹಾಲ್‌ನಲ್ಲಿ ಡ್ರಮ್ಸ್‌ಗೆ ಮೈಕು ಇಲ್ಲದೆಯೇ ಸಾಕಷ್ಟು ಸದ್ದಿರುವುದರಿಂದ ಉಳಿದ ವಾದ್ಯಗಳನ್ನೆಲ್ಲ ಅದಕ್ಕೆ ಹೊಂದಿಸಬೇಕಾಗುತ್ತದೆ. ಜನಪದ ವಾದ್ಯಗಳಿದ್ದರೆ ಇನ್ನೂ ಹೆಚ್ಚಿನ ಕಾಳಜಿ ಬೇಕು. ಚರ್ಮದ ತಮಟೆ ತಂಪು, ತೇವದ ಗಾಳಿಗೆ ಸಡಿಲಗೊಂಡು ನಾದ ಕಳೆದುಕೊಳ್ಳುತ್ತದೆ. "ಅಣ್ಣಾ, ಒಂಚೂರು ಕಾಯಿಸ್ಕೊಂಡು ಬಂದ್ರೆ ಖಣಿ ಖಣಿ ಅನ್ನುತ್ತೆ" ಎಂದು ಕಲಾವಿದರು ಕೇಳಿಯೇ ಕೇಳುತ್ತಾರೆ. ಹಾಲ್‌ನೊಳಗೆ ಬೆಂಕಿ ಹಚ್ಚುವಂತಿಲ್ಲವಾದ್ದರಿಂದ ಪಾರ್ಕಿಂಗ್‌ನ ಒಂದು ಮೂಲೆಯಲ್ಲಿ ಹುಲ್ಲು, ಕಾಗದ, ಪಕ್ಕದಲ್ಲೊಂದು ಬಕೆಟ್ ನೀರು ಇಡಿಸಿ, ಅವರು ವೇದಿಕೆ ಹತ್ತುವ ಸ್ವಲ್ಪ ಮುಂಚೆ ತಮಟೆ ಕಾಯಿಸಲು ಬೇಕಾದ ಸಮಯವನ್ನು ಪಟ್ಟಿಯಲ್ಲೇ ಸೇರಿಸಿಬಿಡುತ್ತೇನೆ. ಕಾದ ಚರ್ಮದ ಮೇಲೆ ಬೀಳುವ ಮೊದಲ ಪೆಟ್ಟಿಗೆ ಹಾಲ್ ತುಂಬ ಜನ ತಿರುಗಿ ನೋಡುತ್ತಾರೆ.

ಎರಡು ತಂಡಗಳ ನಡುವಿನ ಹದಿನೈದು ಇಪ್ಪತ್ತು ನಿಮಿಷ ನನ್ನ ಡಿಜೆ ಕೆಲಸಕ್ಕೆ ಮೀಸಲು. ಹಿಂದಿನ ತಂಡ ಆರು ಮಾತ್ರೆಯ, ಅಂದರೆ ಆರಾರು ಎಣಿಕೆಯ ತಾಳದ, ನಡೆಯಲ್ಲಿ ಮುಗಿಸಿದ್ದರೆ ನಾನು ಕೂಡಲೇ 124 ಬಿಪಿಎಂನ (ನಿಮಿಷಕ್ಕೆ 124 ಬಡಿತದ) ಹೌಸ್ ಎಂಬ ಎಲೆಕ್ಟ್ರಾನಿಕ್ ನೃತ್ಯ ಸಂಗೀತಕ್ಕೆ ಹಾರುವುದಿಲ್ಲ. ಅದೇ ನಡೆಯ ಹಾಡೊಂದರಿಂದ ಆರಂಭಿಸಿ, ಮುಂದಿನದನ್ನು ಹೆಡ್‌ಫೋನಿನ ಒಂದು ಕಿವಿಯಲ್ಲಿ ಕೇಳುತ್ತ, ಬರಲಿರುವ ತಂಡದ ಮೊದಲ ಹಾಡಿನ ಲಯದ ಕಡೆಗೆ ನಿಧಾನವಾಗಿ ಕೊಂಡೊಯ್ಯುತ್ತೇನೆ. ಅದಕ್ಕಾಗಿ ಎಲ್ಲ ತಂಡಗಳ ಹಾಡುಗಳ ಪಟ್ಟಿಯನ್ನು ಮುಂಚೆಯೇ ತರಿಸಿಕೊಂಡಿರುತ್ತೇನೆ.

ಸ್ವಂತ ಕನ್ನಡ ಹಾಡು ಕಟ್ಟುವ ತಂಡಗಳಿಗೆ ಆರೂವರೆಯ ಹೊತ್ತು ಕೊಡುವ ರೂಢಿ ನನಗೆ ಒಪ್ಪಿಗೆಯಿಲ್ಲ. ಆ ಹೊತ್ತಿಗೆ ಕೇಳುಗರು ವಾಹನ ದಟ್ಟಣೆಯ ಸಿಲ್ಕ್ ಬೋರ್ಡ್ ಜಂಕ್ಷನ್ ಕೂಡ ದಾಟಿರುವುದಿಲ್ಲ. ಆ ತಂಡಗಳನ್ನು ಎಂಟೂಕಾಲಿಗೆ, ಹಾಲ್ ತುಂಬಿದಾಗಲೇ ವೇದಿಕೆಗೆ ಕರೆಯುತ್ತೇನೆ. ಹಣದ ವಿಷಯದಲ್ಲಿಯೂ ಅಷ್ಟೇ: ಹೆಸರು ಬರುತ್ತದೆ ಎಂಬ ಆಸೆ ತೋರಿಸಿ ಯಾರನ್ನೂ ಪುಕ್ಕಟೆ ನುಡಿಸಬಾರದು. ಟಿಕೆಟ್ ಮಾರಾಟ ಹೇಗೇ ಇರಲಿ, ನಿಗದಿಯಾದ ಸಂಭಾವನೆಯನ್ನು ಅದೇ ರಾತ್ರಿ ಕೊಟ್ಟು, ಖರ್ಚು ಕಳೆದು ಉಳಿದದ್ದರಲ್ಲಿ ಪಾಲು ಕೊಡುತ್ತೇನೆ. ಮಂಡ್ಯ, ರಾಮನಗರದ ಕಡೆಯಿಂದ ವಾದ್ಯ ಹೊತ್ತು ಬರುವ ಕಲಾವಿದರಿಗೆ ಊಟ ಮತ್ತು ಹಿಂದಿರುಗುವ ಗಾಡಿಯ ಬಾಡಿಗೆ ಸಂಭಾವನೆಯ ಹೊರತಾಗಿ ಸಲ್ಲಬೇಕೆಂದು ಒಪ್ಪಂದದಲ್ಲೇ ಬರೆಸುತ್ತೇನೆ.